ಅರ್ಧ ಅಂಕ

ಮೊದಲ ಕಿರುಪರೀಕ್ಷೆಯ ಹಾಳೆ ತುಂಬ ಕೆಂಪು ರೈಟುಮಾರ್ಕು.
ಹಾಸ್ಟೆಲಿನ ಅಡುಗೆಕಟ್ಟೆಯ ಮೇಲೆ ಹರಡಿ, ಫೋಟೊ ತೆಗೆದು
ಅಮ್ಮನಿಗೂ ಕಳಿಸಿಬಿಟ್ಟೆ.
ಪಕ್ಕದ ಕೋಣೆಯ ತಾಷ್ಕೆಂಟಿನ ದಿಲ್ನೋಜಾ ಬಗ್ಗಿ ನೋಡಿ
ನಗು ತಡೆಯಲಾರದೆ ಹೇಳಿದಳು:
ಇಲ್ಲಿ ಸರಿ ಇದ್ದರೆ ಸೊನ್ನೆ ಸುತ್ತುತ್ತಾರೆ ಕಣೇ,
ರೈಟು ಹಾಕಿದರೆ ತಪ್ಪು ಅಂತ.

ಮತ್ಸುಯೆ. ಊರಿನ ಮಗ್ಗುಲಿಗೇ ಸರೋವರ,
ಉಪ್ಪೂ ಅಲ್ಲದ ಸಿಹಿಯೂ ಅಲ್ಲದ ನೀರು.
ಅದರ ಮೇಲಿಂದ ಬರುವ ಗಾಳಿಗೆ ಎದೆಕೊಟ್ಟು
ಎಂಟೂವರೆಯ ಕ್ಲಾಸಿಗೆ ಸೈಕಲ್ ತುಳಿಯಬೇಕು.

ಮಿಝೊಗುಚಿ ಟೀಚರ್ ಬೋರ್ಡಿನ ನಡುವೆ ಗೆರೆ ಎಳೆದು
ಲೋಕವನ್ನು ಎರಡು ಮಾಡಿದರು.
ಉಸಿರಿದ್ದದ್ದು ಈ ಕಡೆ: ಇರು.
ಉಸಿರಿಲ್ಲದ್ದು ಆ ಕಡೆ: ಅರು.
ಬೆಕ್ಕು ಇರು. ಕೊಡೆ ಅರು.
ಕೂತಲ್ಲೇ ಬೆಚ್ಚಿದೆ. ಇರು!
ನಮ್ಮ ಇರುವೇ ಅಲ್ಲವೆ ಇದು,
ಯಾವ ಹಡಗು ಹತ್ತಿ ಬಂದಿತು ಇಲ್ಲಿಗೆ?
ಕೈ ಎತ್ತಿ ಹೇಳಿದೆ: ನಮ್ಮಲ್ಲೂ ಇದೇ ಪದ,
ಆದರೆ ಬೆಕ್ಕಿಗೂ ಅದೇ, ಕೊಡೆಗೂ ಅದೇ, ದೇವರಿಗೂ ಅದೇ.
"ಆಕಸ್ಮಿಕ" ಎಂದರು ಟೀಚರ್,
ಸದ್ದಾಗದಂತೆ ಬಾಗಿಲು ಹಾಕುವ ಹಾಗೆ.

ಬಿಲ್ಲು ಹಾಕುವ ಹುಡುಗ ದಿನವೂ ಕೇಳುತ್ತಾನೆ, ಚೀಲ ಬೇಕೆ?
ಬೇಕು ಅನ್ನುವುದಕ್ಕೂ ಇವರಲ್ಲಿ ಇರು ಅಂತಲೇ.
ಬೇಡ ಅಂದು, ಹಾಲು ಮೊಟ್ಟೆ ಎದೆಗವಚಿಕೊಂಡು ಬರುತ್ತೇನೆ.

ಸೇತುವೆಯ ಹತ್ತಿರ ಕಿನುಯೆ ತ್ಸುಕುದಾ ಅವರ ಸೈಕಲ್ ಅಂಗಡಿ.
ಉಗುರಲ್ಲಿ ಗ್ರೀಸು, ಕಿವಿಯ ಮೇಲೆ ಪೆನ್ಸಿಲು.
ಅವರ ಬಾಯಿಗೆ ಳ ಸಿಕ್ಕದೆ ನಾನು, ಇಳಾ, ಇರಾ ಆದೆ;
ಎರಡು ಸಲ ಕೂಗಿದರೆ ಕಿರಿಕಿರಿ ಎಂದು ಅರ್ಥವಂತೆ,
ಹಾಗಾಗಿ ಒಂದೇ ಸಲ ಕೂಗುತ್ತಾರೆ.
ಕಲಿತ ವಾಕ್ಯವನ್ನು ಎಲ್ಲಾದರೂ ಖರ್ಚು ಮಾಡಬೇಕಲ್ಲ,
ಕೇಳಿದೆ: ನಿಮಗೆ ಒಡಹುಟ್ಟಿದವರು ಇದ್ದಾರೆಯೆ?
"ಇದ್ದಾನೆ. ಅಣ್ಣ. ಚಿಪ್ಪುಮೀನು ಹಿಡಿಯುವವನು."
ಚೈನಿನ ಕೊಂಡಿ ಹಲ್ಲಲ್ಲಿ ಕಚ್ಚಿಕೊಂಡೇ ಅಂದರು.
ಹೊರಡುವಾಗ ಒಂದು ಹಿಡಿ ಕಪ್ಪು ಚಿಪ್ಪು ಕೈಗಿಟ್ಟು,
"ರಾತ್ರಿಯೆಲ್ಲ ನೀರಲ್ಲಿಡು, ಮರಳು ಉಗುಳಲಿ."

ದೀಪ ಆರಿಸಿದ ಕೋಣೆಯಲ್ಲಿ ಬೋಗುಣಿಯಿಂದ
ಪುಚಕ್ ಎಂದು ಒಂದೊಂದು ಎಳೆ ನೀರು.
ಇರು.
ಬೆಳಿಗ್ಗೆ ಮಿಸೊ ಸಾರಿನಲ್ಲಿ ಎಲ್ಲ ಬಾಯಿ ತೆರೆದು ಬಿದ್ದಿದ್ದವು.
ಅರು.
ಯಾವ ಕುದಿಗೆ, ಎಷ್ಟನೆಯ ಗುಳ್ಳೆಗೆ
ಕ್ರಿಯಾಪದ ಬದಲಾಯಿತು?
ಪಾಠ ಏಳರಲ್ಲೂ ಇಲ್ಲ, ಎಂಟರಲ್ಲೂ ಇಲ್ಲ.
ದಿಲ್ನೋಜಾ ಎರಡು ಬಟ್ಟಲು ಕುಡಿದಳು.

ನವೆಂಬರಿನಲ್ಲಿ ಬ್ರೇಕು ಸವೆದು ಮತ್ತೆ ಹೋದೆ.
ಅಂಗಡಿಯ ಹಿಂಗೋಡೆಗೆ ಆಳುದ್ದಕ್ಕೂ ಮೀರಿದ ಕೋಲು,
ತುದಿಯಲ್ಲಿ ಹಲ್ಲಿರುವ ಕಬ್ಬಿಣದ ಬುಟ್ಟಿ,
ಹಲ್ಲುಗಳಿಗೆ ಹೊಸ ಎಣ್ಣೆ.
ಅಣ್ಣನದ್ದೆ? ಯಾವಾಗ ಬರುತ್ತಾರೆ ಒಯ್ಯಲು?
ಗದ್ದದಿಂದ ಸರೋವರದ ಕಡೆ ತೋರಿಸಿದರು.
"ನಾನು ಹೈಸ್ಕೂಲು ಮುಗಿಸಿದ ವರ್ಷ. ಮಂಜು ಕವಿದಿತ್ತು."
ಅವರಿಗೀಗ ಅರವತ್ತೆರಡು.
ಹೇಳಲು ನನ್ನಲ್ಲಿದ್ದದ್ದು ಎರಡೇ ಮಾತು,
ಎರಡೂ ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗ ಆಡುವಂಥವು.
ಸುಮ್ಮನೆ ಪಂಪು ಹಿಡಿದುಕೊಂಡೆ.

ಕೊನೆಯ ಪರೀಕ್ಷೆ. ಬಲ್ಲವರೊಬ್ಬರ ಬಗ್ಗೆ ಐದು ವಾಕ್ಯ.
ಮೂರನೆಯದು: ತ್ಸುಕುದಾ ಅವರಿಗೆ ಒಬ್ಬ ಅಣ್ಣ ಇದ್ದಾನೆ.
ನಾಲ್ಕನೆಯದು: ನಲವತ್ತನಾಲ್ಕು ವರ್ಷದ ಹಿಂದೆ ಅವನು ನೀರುಪಾಲಾದ.
ಒಂದು, ಎರಡು, ನಾಲ್ಕಕ್ಕೆ ದುಂಡು ಸೊನ್ನೆ. ಐದಕ್ಕೆ ರೈಟು.
ಮೂರರ ಮುಂದೆ ತ್ರಿಕೋನ.

ಹಾಳೆ ಹಿಡಿದು ಮಿಝೊಗುಚಿ ಟೀಚರ ಕೋಣೆಗೆ ಹೋದೆ.
"'ಇದ್ದ' ಅಂತಾಗಬೇಕು" ಎಂದರು, ಪೆನ್ನಿನ ಮುಚ್ಚಳ ತೆಗೆದು.
ಮತ್ತೆ, "ಸೇತುವೆ ಹತ್ತಿರದ ಅಂಗಡಿಯೆ?"
ಹೌದು.
ಅವರೂ ಅಲ್ಲೇ ಗಾಳಿ ಹಾಕಿಸುವುದಂತೆ, ಮದುವೆಯಾಗಿ ಬಂದಾಗಿನಿಂದ.
ಮುಚ್ಚಳ ಹಾಕಿದರು.
ಅವರೇನೋ ಅಂದರು, ಕಲಿಯದ ವಾಕ್ಯ, ಸಣ್ಣ ದನಿ;
ನನ್ನ ಕಿವಿಗೆ ಬಿದ್ದದ್ದು ಮಾತ್ರ ಕನ್ನಡವೇ: ಇರಲಿ ಬಿಡು.

ಐದಕ್ಕೆ ಮೂರೂವರೆ.