ಉಣ್ಣೆ ಮಲಗಿದ ದಿಕ್ಕು

ಕಾರ್ನಾರ್ವನ್ ದಾಟಿ ಒಂದು ಗಂಟೆ ಬಂದ ಮೇಲೆ
ಫೋನು ಸಾಯುತ್ತದೆ. ಸಾಯಲೇಬೇಕು, ಇಲ್ಲಿಯ ಕಾನೂನು ಅದು.
ಅರವತ್ತು ಚಿಲ್ಲರೆ ಬಿಳಿ ಬೋಗುಣಿಗಳು ಕರೂ ಬಯಲಲ್ಲಿ
ಒಂದೇ ಕಡೆ ಕಿವಿಗೊಟ್ಟು ಕೂತಿವೆ.
ನನ್ನ ಕೆಲಸ ಸದ್ದು ಹಿಡಿಯುವುದು:
ಯಾರದೋ ಮೈಕ್ರೊವೇವ್, ಸವೆದ ಪಂಪಿನ ಮೋಟರು,
ಹಾಸಿಗೆಯಡಿ ಕದ್ದು ಉರಿಸಿಟ್ಟ ಒಂದು ಮೊಬೈಲು.
ನೆತ್ತಿಗೆ ಆಂಟೆನಾ ಕಟ್ಟಿದ ಡೀಸೆಲ್ ಜೀಪು
(ಪೆಟ್ರೋಲಾದರೆ ಅದರ ಕಿಡಿಯೂ ಗಲಾಟೆಯೇ),
ಅಪ್ಪ ಕತ್ತೆಗಾಡಿ ಹೂಡಿಕೊಂಡು
ಫಾರಮ್ಮಿನಿಂದ ಫಾರಮ್ಮಿಗೆ ಅಲೆದ ಅದೇ ದಾರಿ.
ಅವನದು ಉಣ್ಣೆ ಕತ್ತರಿಸುವ ಕೈ.
ನನ್ನದೂ, ಹದಿನೇಳು ವರುಷ.

ಜುಲೈ ತಿಂಗಳ ಒಂದು ನಸುಕಿನಲ್ಲಿ ಸದ್ದು ಸಿಕ್ಕಿತು
ಮುದುಕ ಸಾರೆಲ್ ಫಾನ್ ವೇಕನ ಬೇಲಿಯಲ್ಲಿ.
ಸೆಕೆಂಡಿಗೊಮ್ಮೆ ಟಿಕ್. ಮತ್ತೆ ಟಿಕ್.
ಪಿಂಗಾಣಿ ಬಿರುಕು ಬಿಟ್ಟು, ಇಬ್ಬನಿ ಕುಡಿದು,
ಕಂಬಕ್ಕೆ ಹಾರುತ್ತಿತ್ತು ನೀಲಿ ಕಿಡಿ.
ಆ ವಾರ ನರಿಗಳು ಹನ್ನೊಂದು ಮರಿ ತಿಂದಿದ್ದವು.
‘ಮೇಲೆ ಸತ್ತು ಬಿದ್ದಿರುವ ಚುಕ್ಕಿಗೆ ಇಷ್ಟು ಕಾವಲು, ಮೈಕಿ,’ ಅಂದ,
‘ಕೆಳಗೆ ಬದುಕಿರುವ ಮರಿಗೆ?’
ಉತ್ತರ ಗಂಟಲಿಗೆ ಬಂದು ಒಳಗೇ ಹೋಯಿತು.
ಹೊಸ ಪಿಂಗಾಣಿ ಕೂರಿಸಿದೆ.
ಅವನು ಸಕ್ಕರೆಯಿಲ್ಲದ ಕಾಫಿ ಕೊಟ್ಟ.

ತೆಬೋಹೊ ನಕ್ಷೆ ಬಿಡಿಸಿದ್ದು ಎರಡು ತಿಂಗಳ ಮೇಲೆ,
ಊಟದ ಮೇಜಿನಲ್ಲಿ, ಜಾಮಿನ ಸೀಸೆ ಸರಿಸಿ.
ಯಾವಾಗಲೋ ಸಿಡಿದ ನಕ್ಷತ್ರ, ಹೆಸರಿಲ್ಲ, ನಂಬರು ಮಾತ್ರ.
ಅದರ ಚೂರುಪಾರಿನೊಳಗೆ ಹರಡಿದೆ ಅಯಸ್ಕಾಂತದ ಸೆಳೆತ,
ಅಲ್ಲಿ ಫ್ರಿಜ್ಜಿಗೆ ಅಂಟಿಸಿದ ಪ್ಲಾಸ್ಟಿಕ್ ಕೋಳಿಯದಕ್ಕಿಂತ
ಲಕ್ಷಾಂತರ ಪಾಲು ಸಣ್ಣದು.
ಆದರೂ ಎಲೆಕ್ಟ್ರಾನುಗಳು ಅದರ ಎಳೆ ಹಿಡಿದು
ಗಿರ್ರನೆ ಸುತ್ತುತ್ತವೆ, ಆ ಸುತ್ತಿನ ಗುನುಗೇ
ನಮ್ಮ ಬೋಗುಣಿಗೆ ಬಂದು ಬೀಳುವುದು.
ಸೆಳೆತ ಕಣ್ಣಿಗೆ ಕಾಣುವ ವಸ್ತುವಲ್ಲವಂತೆ.
ಅಲೆ ಎತ್ತ ವಾಲಿ ಬಂತೆಂದು ನೋಡಬೇಕು,
ದಾರಿಯಲ್ಲಿ ತಿರುಚಿಕೊಂಡಷ್ಟನ್ನು ಕಳೆಯಬೇಕು,
ಉಳಿದದ್ದನ್ನು ಗೀಟೆಳೆಯಬೇಕು.

ಗೀಟುಗಳು. ಸಾವಿರಾರು ಮೋಟು ಗೀಟುಗಳು.
ನನ್ನ ಹೆಬ್ಬೆರಳಿಗೆ ಅವು ತಟ್ಟನೆ ಗುರುತು ಸಿಕ್ಕವು.

ಇದು ಮೈ. ಇದು ಉಣ್ಣೆ ಮಲಗಿದ ದಿಕ್ಕು.
ನಡುವಿನಿಂದ ಹೊರಕ್ಕೆ, ಮುಳ್ಳುಹಂದಿ ಸೆಟೆದ ಹಾಗೆ,
ಎಲ್ಲವೂ ಹೊರಕ್ಕೆ. ಕೆಳ ಅಂಚಿನಲ್ಲಿ ಮಾತ್ರ
ಅಂಗೈಯಗಲ ಜಾಗ ಅಡ್ಡಡ್ಡ ಬಿದ್ದಿದೆ.

‘ಬೇಲಿಯ ಕಿಡಿ ಇರಬೇಕು,’ ಅಂದಳು ತೆಬೋಹೊ,
‘ಅಷ್ಟನ್ನು ಅಳಿಸಿಬಿಡುತ್ತೇನೆ.’
‘ಯಾವ ರಾತ್ರಿ ಕೇಳಿದ್ದು?’
ತಾರೀಖು ಹೇಳಿದಳು.
ನಾನು ಪಿಂಗಾಣಿ ಹಾಕಿ ಆಗಲೇ ಹದಿನೈದು ದಿನ.

ತಂತಿ ಹರಿದ ಕುರಿ ನೋಡಿದ್ದೀಯಾ, ಕೇಳಿದೆ.
ಗಾಯ ಮಾಯುತ್ತದೆ, ಉಣ್ಣೆಯೂ ಬರುತ್ತದೆ,
ಆದರೆ ಅಡ್ಡ ಬರುತ್ತದೆ. ಅಡಿಯಲ್ಲಿ ಮಾಂಸ ಗಟ್ಟಿ.
ಬೇರೆ ಕಡೆ ಓಡಿದ ಹಾಗೆ ಕತ್ತರಿ ಓಡಿಸಿದರೆ ರಕ್ತ.
ಅಪ್ಪ ಅಲ್ಲಿ ಮೊದಲು ಬೆರಳಿಡುತ್ತಿದ್ದ,
ಆಮೇಲೆ ಮಣಿಕಟ್ಟು ತಿರುಗಿಸುತ್ತಿದ್ದ.
ಹೊರಗೆ ನುಗ್ಗುತ್ತಿದ್ದದ್ದಕ್ಕೆ ಅಲ್ಲೇನೋ ಎದುರಾಗಿದೆ, ಮಗಳೇ.
ಏನೆಂದು ನನ್ನ ಕೇಳಬೇಡ.

ಅವಳು ನಗಲಿಲ್ಲ. ಒಪ್ಪಲೂ ಇಲ್ಲ.
ಪೆನ್ಸಿಲಿನಲ್ಲಿ ಆ ಜಾಗಕ್ಕೆ ಸುತ್ತು ಹಾಕಿ
ಮಾರ್ಚಿನಲ್ಲಿ ಇನ್ನೊಮ್ಮೆ ಕೇಳಲು ಅರ್ಜಿ ಬರೆದಳು.
ತಣ್ಣನೆಯ ಮೋಡವಿರಬಹುದು, ಇರಲಿಕ್ಕಿಲ್ಲ,
ಅವಳ ಗುರುಗಳು ಪ್ರಿಟೋರಿಯಾದಿಂದ ಬರೆದರು
ಲೆಕ್ಕದಲ್ಲೇ ತಪ್ಪಿರಬಹುದೆಂದು.

ಮಾರ್ಚ್ ಇನ್ನೂ ಬಂದಿಲ್ಲ.

ಈ ರಾತ್ರಿ ಸಾರೆಲನ ಬೇಲಿಗುಂಟ ಬರುತ್ತಿದ್ದೆ.
ದೀಪ ಆರಿಸಿ, ಎಂಜಿನ್ನು ನಿಲ್ಲಿಸಿ
ತಂತಿಯಾಚೆ ಕೈ ಹಾಕಿದೆ, ಕೆಳಗಿನ ಸತ್ತ ತಂತಿಯ ಸಂದಿಯಲ್ಲಿ.
ಒಂದು ಕುರಿ ಬಂದು ಮೂಸಿತು, ನಿಂತಿತು.
ಅದರ ಪಕ್ಕೆಯ ಮೇಲೆ ಬೆರಳು ಹಿಂದಕ್ಕೆ, ಮುಂದಕ್ಕೆ
ಓಡಿಸುತ್ತ ಕೂತೆ, ಬಿಸಿಯಿತ್ತು.

ಆಗ, ದೂರದ ನಾಲ್ಕನೆಯ ಕಂಬದಲ್ಲಿ,
ಟಿಕ್.

ಬೆಳಿಗ್ಗೆ ಹೋಗಬೇಕು.
ಇಬ್ಬನಿ ಆರುವ ಮುಂಚೆ,
ಅದು ಇನ್ನೂ ಮಾತಾಡುತ್ತಿರುವಾಗಲೇ.