ಒಂಚೂರು

ಮೂವತ್ತು ವರ್ಷದಿಂದ ಪಾಲಹಳ್ಳಿ ಚರ್ಚಿನಲ್ಲಿ
ಬಲಿಪೂಜೆಯ ದ್ರಾಕ್ಷಾರಸ ಅಳೆಯುವವನು ನಾನು.
ಗಾಜಿನ ಕುಪ್ಪಿಯ ಕುತ್ತಿಗೆಗೆ ಬೆರಳಿಟ್ಟು,
ಇಷ್ಟು. ಸಾಕು.

ತಮ್ಮ ಚೌರಪ್ಪನಿಗೆ
ವೇದದಲ್ಲಿ ಬಾಯಿಪಾಠವಿದ್ದದ್ದು ಒಂದೇ ಮಾತು:
ಹೊಟ್ಟೆನೋವಿಗೆ ಒಂಚೂರು ಕುಡಿ ಅಂತ
ಸಂತ ಪೌಲರೇ ಕಾಗದ ಬರೆದವ್ರಲ್ಲಣ್ಣ!
ಆಲೆಮನೆಯ ಕೊಪ್ಪರಿಗೆ ಇಳಿಸಿದ ಮೇಲೆ
ದಿನಾ ಸಂಜೆ ಹೊಟ್ಟೆನೋವು.

ನೋಹನ ಕತೆ ಹೇಳಿದೆ:
ಜಲಪ್ರಳಯ ಗೆದ್ದವನು
ಸ್ವಂತ ತೋಟದ ದ್ರಾಕ್ಷಿಗೆ ಸೋತು
ಬೆತ್ತಲೆ ಮಲಗಿದ್ದು.
'ಹೊದಿಸೋಕೆ ಮಕ್ಕಳಿದ್ರಲ್ಲ' ಅಂದ.
ಇವನಿಗಿರಲಿಲ್ಲ.
ನಾಲೆ ಏರಿಯ ಮೇಲೆ
ಮುಖ ತಿರುಗಿಸಿಕೊಂಡು
ನನ್ನ ಟವೆಲು ಹೊದಿಸಿ ಬರುತ್ತಿದ್ದೆ.

ಕಾನಾ ಊರಿನ ಮದುವೆಯನ್ನೂ ಎತ್ತುತ್ತಿದ್ದ,
ಆರು ಬಾನಿ ಅಣ್ಣ, ಆರು!
ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ,
ಈಗಲೂ ಇಲ್ಲ.

ಆಮೇಲೆ ಹೊಟ್ಟೆನೋವು ನಿಜವಾಗಿಯೇ ಬಂತು.
ಮೈಸೂರಿನ ದೊಡ್ಡಾಸ್ಪತ್ರೆ, ಹನ್ನೊಂದು ದಿನ.
ನೀರು ಕೇಳಿದ. ಡಾಕ್ಟರು ಹೇಳಿದರು,
ಒಂಚೂರು ಮಾತ್ರ.

ಇವತ್ತು ಅವನ ಹೆಸರಿನ ಪೂಜೆ.
ಫಾದರು ಬಟ್ಟಲಿಗೆ ರಸ ಸುರಿದು
ವಾಡಿಕೆಯಂತೆ ಹನಿ ನೀರು ಬೆರೆಸಿದರು,
ಅವನು ಯಾವತ್ತೂ ಬೆರೆಸದ ಹನಿ.

ಎಲ್ಲರೂ ಹೋದರು.
ಕುಪ್ಪಿಯ ತಳದಲ್ಲಿ ಒಂಚೂರು ಉಳಿದಿದೆ.
ತೊಳೆದಿಡಬೇಕು.