ಬಂದರಿನಲ್ಲಿ ರಾಡು ಆರಿಸಿದ್ದು

ಇದಿನಬ್ಬರ ಅಂಗಡಿಯ ಮೂಲೆಯಲ್ಲಿ
ರಾಡುಗಳು ನಿಂತಿದ್ದವು, ಯಾರೋ ಮರೆತು ಹೋದ ಕೊಡೆಗಳ ಹಾಗೆ.
ಬಲೆಯ ಸೀಸದ ಗುಂಡು, ನೈಲಾನು ಹಗ್ಗ,
ಹಿಂದಿನ ಗೋಡೌನಿನಿಂದ ಒಣಮೀನಿನ ಗಾಳಿ.

ಬುತ್ತಿ ಡಬ್ಬಿ ಬಿಚ್ಚಿ ಲೂರನ್ನು ಮೇಜಿನ ಮೇಲಿಟ್ಟೆ.
ಒಂದು ಗೇಣು ಉದ್ದ, ಬಂಗುಡೆಯ ಬೆನ್ನಿನ ಬಣ್ಣ,
ಗದ್ದದಡಿ ನೀರು ಬಗೆಯುವ ಪ್ಲಾಸ್ಟಿಕ್ ನಾಲಿಗೆ,
ಹೊಟ್ಟೆಗೆ ಮೂರು ಕೊಕ್ಕೆಯ ಗಾಳ, ಎರಡು.
"ಇದನ್ನು ದೋಣಿಯ ಹಿಂದೆ ಎಳೆಯಬೇಕು, ಸಾಹುಕಾರ್ರೇ,
ನಲವತ್ತು ಮಾರು ದೂರದಲ್ಲಿ. ಅಂಜಲ್‌ಗೆ."
ಬಲೆ ಎಳೆಯಲಿಕ್ಕೆ ನಾಲ್ಕು ಜನ ಬೇಕು.
ನಾವಿರುವುದು ಇಬ್ಬರೇ: ನಾನು, ತಮ್ಮಲೆ ದೂಮಪ್ಪ.

ಮೊದಲು ಬಂದದ್ದು ಒನಕೆಯಂಥದ್ದು.
"ಬಾಗುವುದೇ ಇಲ್ಲ" ಎಂದರು ಇದಿನಬ್ಬ, ಹೆಮ್ಮೆಯಿಂದ.
"ಬಾಗದ್ದು ಮನೆಯಲ್ಲಿ ಉಂಟು," ಎಂದ ತಮ್ಮಲೆ,
"ನಾಯಿ ಓಡಿಸಲಿಕ್ಕೆ.
ಇದರಲ್ಲಿ ಎಳೆದರೆ ಗಾಳ ಬರುತ್ತದೆ, ತುಟಿಯ ಚೂರು ಬರುತ್ತದೆ,
ಮೀನು ಅಲ್ಲೇ ಇರುತ್ತದೆ."

ಎರಡನೆಯದು ಸಪೂರ, ಕೆಂಪು ನೂಲು ಸುತ್ತಿದ್ದು,
ಅಳಿವೆಯಲ್ಲಿ ಕಾಣೆ ಹಿಡಿಯುವ ಹುಡುಗರಿಗೆ ಸರಿ.
ಲೂರಿನ ಎಳೆತಕ್ಕೇ ಅರ್ಧ ಬಾಗಿದರೆ
ಮೀನಿಗೆಂದು ಉಳಿಯುವುದು ಎಷ್ಟು?

ಮೂರನೆಯದನ್ನು ಅವರು ಅಟ್ಟದಿಂದ ಇಳಿಸಿದರು.
ಆರು ಅಡಿ. ಬುಡ ದಪ್ಪ, ನಡು ಗಟ್ಟಿ,
ತುದಿ ಮಾತ್ರ ಮೆತ್ತಗೆ, ಎಳೆ ಬೆಂಡೆಯ ಹಾಗೆ.
ಅದರ ಮೇಲೆ ಕೂತ ರೀಲು, ಹೊಲಿಗೆ ಮಿಷನಿನ ಚಕ್ರದಷ್ಟು,
ಮುನ್ನೂರು ಮೀಟರು ದಾರ ನುಂಗಿದ್ದು.
ಪಕ್ಕದಲ್ಲಿ ಲಿವರು: ಮುಂದೆ ತಳ್ಳಿದರೆ ಬಿಗಿ, ಹಿಂದೆ ಸಡಿಲ.

"ತುದಿ ನೋಡುತ್ತಿರಬೇಕು, ಸುಗಂಧಿ.
ಟುಕುಟುಕು ನಡುಗುತ್ತಿದ್ದರೆ ಲೂರು ಈಜುತ್ತಿದೆ.
ನಡುಕ ನಿಂತರೆ, ನಮ್ಮದೇ ಊರಿನ ಪ್ಲಾಸ್ಟಿಕ್ ಚೀಲ."
ರಾಡು ಹಿಡಿದವನಲ್ಲ ಅವನು.
ದಾರವನ್ನು ಕಾಲಿನ ಹೆಬ್ಬೆರಳಿಗೆ ಸುತ್ತಿ
ದೋಣಿಯಲ್ಲಿ ಮಲಗುತ್ತಿದ್ದವನು.
ಅಂಗೈಯಲ್ಲಿ ಅಡ್ಡಕ್ಕೆ ಒಂದು ಗೆರೆ ಇದೆ,
ಯಾವ ಜೋಯಿಸನೂ ಓದದ್ದು.
ಕೊಟ್ಟ ಮೀನಿನ ಮುಖ ಅವನು ನೋಡಲೇ ಇಲ್ಲವಂತೆ.

ಬಿಗಿ ಅಳೆಯಲು ಇದಿನಬ್ಬ ಸ್ಪ್ರಿಂಗಿನ ತಕ್ಕಡಿ ತಂದರು.
ದಾರದ ತಾಳಿಕೆಯ ಮೂರರಲ್ಲಿ ಒಂದು ಪಾಲು, ಅದು ಲೆಕ್ಕ.
"ತಕ್ಕಡಿಗೆ ಸಿಟ್ಟು ಬರುತ್ತದಾ?" ಎಂದು ತಮ್ಮಲೆ
ಬೈರಾಸನ್ನು ಅಂಗೈಗೆ ಸುತ್ತಿ, ಅದರ ಮೇಲೆ ದಾರ ಸುತ್ತಿ,
ಮೆಟ್ಟಿಲು ಇಳಿದು ರಸ್ತೆಗೆ ಹೋದ.

ಎಪ್ಪತ್ತೊಂದು ವರ್ಷದ ಮೀನು.
ಮೊದಲು ಸುಮ್ಮನೆ ನಡೆದ, ಕಚ್ಚಿದ್ದು ಏನೆಂದು ತಿಳಿಯದ ಹಾಗೆ.
ಮಂಜುಗಡ್ಡೆಯ ಕೈಗಾಡಿ ದಾಟಿದ.
ಗೋಣಿ ಹೊರುವವರು ದಾರದಡಿ ಬಗ್ಗಿ ಹೋದರು.
ಆಮೇಲೆ ತಲೆ ತಿರುಗಿಸಿ
ಧಕ್ಕೆಯ ಕಡೆಗೆ ಓಡಿದ.

ರೀಲು ಕಿರುಚಿತು.
"ಬಿಡು, ಬಿಡು, ಬಿಗಿ ಮಾಡಬೇಡ ಮಾರಾಯ್ತಿ!"
ಇದಿನಬ್ಬ ಗಲ್ಲಾ ಬಿಟ್ಟು ಎದ್ದು ನಿಂತಿದ್ದರು.
ಲಿವರನ್ನು ಒಂದು ಹಲ್ಲು ತಳ್ಳಿದೆ.
ರಾಡು ಅವನ ಭಾರವನ್ನು ನಡುವಿಗೆ ತೆಗೆದುಕೊಂಡಿತು.
ತುದಿ ನಡುಗುತ್ತಿತ್ತು:
ಒಮ್ಮೆ ಆಳ, ಒಮ್ಮೆ ಮೇಲೆ,
ಒಮ್ಮೆ ಆಳ, ಒಮ್ಮೆ ಮೇಲೆ.
ಬಲಗಾಲು ಇಡುವಾಗ ಎಳೆತ,
ಎಡಗಾಲು ಇಡುವಾಗ ಏನೂ ಇಲ್ಲ.

ಮಳೆ ಮುಗಿದಾಗಿನಿಂದ
ದೋಣಿಗೆ ನನಗಿಂತ ಮೊದಲು ಹತ್ತಿ ಕೂರುತ್ತಿದ್ದ.
ಇಳಿಯುವಾಗ "ನೀನು ಹೋಗು, ಹಗ್ಗ ನಾನು ನೋಡುತ್ತೇನೆ" ಎನ್ನುತ್ತಿದ್ದ.

ದಾರ ಸುತ್ತಿದೆ. ಅವನು ಸುಮ್ಮನೆ ಬಂದ,
ಬೆವರು ಒರೆಸುತ್ತ, ಬೈರಾಸು ಬಿಚ್ಚುತ್ತ.
"ಚೂರು ಜಾಸ್ತಿ ಬಿಗಿಯಾಯಿತು. ಉಳಿದದ್ದೆಲ್ಲ ಸರಿ.
ಇದೇ ಇರಲಿ. ರೇಟು ಹೇಳಿ, ಸಾಹುಕಾರ್ರೇ, ನಗಬೇಡಿ."

ಅಂಜಲ್‌ನ ಹಲ್ಲಿಗೆ ತಂತಿ, ಎರಡು ಸ್ವಿವೆಲು,
ರಾಡು ನಿಲ್ಲಿಸುವ ಗೂಟ.
"ಒಂದು ಕುರ್ಚಿ ಸಿಗುತ್ತದಾ," ಕೇಳಿದೆ,
"ದೋಣಿಗೆ ಬೋಲ್ಟು ಹಾಕುವಂಥದ್ದು?"
"ಯಾರಿಗೆ ಕುರ್ಚಿ?" ಎಂದ ತಮ್ಮಲೆ.

"ರಾಡಿಗೆ" ಎಂದೆ,
ಲಿವರನ್ನು ಒಂದು ಹಲ್ಲು ಹಿಂದಕ್ಕೆ ಎಳೆಯುತ್ತ.